ಅವ್ವನ ಬಲಗಾಲಿನ ಪ್ಲಾಟಿನಮ್

ಮೂವತ್ತು ವರ್ಷ ಕಾಲೇಜು ಹುಡುಗರಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವಳು ನಾನು. ಪ್ಲಾಟಿನಮ್ ಅಂದರೇನು ಎಂದು ನಿದ್ದೆಗಣ್ಣಿನಲ್ಲಿ ಎಬ್ಬಿಸಿ ಕೇಳಿದರೂ ಹೇಳುತ್ತೇನೆ. ಬಣ್ಣ ಬೆಳ್ಳಿಯದು, ತೂಕ ಬೆಳ್ಳಿಯ ಎರಡರಷ್ಟು. ತುಕ್ಕು ಹಿಡಿಯುವುದಿಲ್ಲ, ಕಪ್ಪಾಗುವುದಿಲ್ಲ, ಒಂಟಿಯಾಗಿ ಬಂದ ಯಾವ ಆಮ್ಲಕ್ಕೂ ಜಗ್ಗುವುದಿಲ್ಲ, ಇದ್ದಿಲೊಲೆಗೆ ಕರಗುವುದಿಲ್ಲ. ಇಷ್ಟೆಲ್ಲ ಬಾಯಿಪಾಠ ಮಾಡಿದ್ದ ಈ ಮಹಾ ಪಂಡಿತೆಯ ಕಣ್ಣೆದುರಿಗೆ, ಹೆತ್ತವ್ವನ ಕಾಲಿನಲ್ಲೇ, ಅದು ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಇತ್ತು. ನನಗೆ ಕಾಣಲಿಲ್ಲ. ಕಾಣದೆ ಇದ್ದದ್ದು ಒಂದು ಪಾಪ. ಕಂಡ ಮೇಲೆ ನಾನು ಮಾಡಿದ್ದು ಅದಕ್ಕಿಂತ ದೊಡ್ಡದು, ಅದನ್ನು ಇವತ್ತು ಬರೆದುಬಿಡುತ್ತೇನೆ.

ನಮ್ಮೂರು ಕೆ.ಆರ್. ಪೇಟೆ ತಾಲ್ಲೂಕಿನದು, ನಾಗಮಂಗಲದ ರಸ್ತೆಯಲ್ಲಿ ಬಸ್ಸಿಳಿದು ಒಂದೂವರೆ ಮೈಲಿ ಒಳಗೆ ನಡೆಯಬೇಕು. ಅವ್ವ ಹುಟ್ಟಿದ್ದು ಅಲ್ಲಲ್ಲ, ಶ್ರೀರಂಗಪಟ್ಟಣದ ಮಗ್ಗುಲಿನ ಒಂದು ಹಳ್ಳಿಯಲ್ಲಿ. ಮದುವೆಗೆ ಮುಂಚೆ ಮೂರು ವರ್ಷ ಅವಳು ಪಟ್ಟಣದಲ್ಲಿ, ಹೊಳೆಗೆ ಹತ್ತಿರದ ಒಂದು ದೊಡ್ಡ ಮನೆಯಲ್ಲಿ ಕೆಲಸಕ್ಕಿದ್ದಳು. ಆ ಮನೆಯ ಯಜಮಾನರು ಎಂಜಿನಿಯರಾಗಿದ್ದವರು, ಹೊರದೇಶ ಸುತ್ತಿ ಬಂದವರು, ಆಗಲೇ ತೀರಿಹೋಗಿದ್ದರು. ಅವರ ಹೆಂಡತಿ ಹಾಸಿಗೆ ಹಿಡಿದಿದ್ದರು. ಆ ಮುದುಕಿಗೆ ಮೈ ಒರೆಸುವುದು, ಗಂಜಿ ಕುಡಿಸುವುದು, ಮಲಮೂತ್ರ ಎತ್ತುವುದು, ಎಲ್ಲ ಅವ್ವನೇ. ಮದುವೆ ಗೊತ್ತಾಗಿ ಕೆಲಸ ಬಿಡುವ ದಿನ ಆ ಅಮ್ಮ ಬೆರಳಿನಿಂದ ಒಂದು ಉಂಗುರ ಕಿತ್ತು ಅವ್ವನ ಕೈಯೊಳಗಿಟ್ಟು ಬೆರಳು ಮಡಿಸಿದರಂತೆ. ಕೋಣೆಯಲ್ಲಿ ಬೇರೆ ಯಾರೂ ಇರಲಿಲ್ಲ. ಕಲ್ಲಿಲ್ಲದ, ಕೆತ್ತನೆ ಇಲ್ಲದ ಬಿಳೀ ಉಂಗುರ. ಮುಸುರೆ ತಿಕ್ಕುವವಳಿಗೆ ಚಿನ್ನ ಕೊಡುತ್ತಾರೆಯೇ? ಬೆಳ್ಳಿ ಕೊಟ್ಟರಲ್ಲ, ಅದೇ ದೊಡ್ಡದು ಎಂದುಕೊಂಡಳು ಅವ್ವ. ಆ ಅಮ್ಮ ಆಮೇಲೆ ಹೆಚ್ಚು ದಿನ ಬದುಕಲಿಲ್ಲ.

ಉಂಗುರ ಕಾಲಿಗೆ ಇಳಿದದ್ದು ಹೀಗೆ. ಮದುವೆಯಾಗಿ ಬಂದ ಎರಡನೇ ವರ್ಷ ನಾಟಿ ಹಾಕುವಾಗ ಅವ್ವನ ಬಲಗಾಲಿನ ಕಾಲುಂಗುರ ಗದ್ದೆಯ ಕೆಸರಿನಲ್ಲಿ ಕಳಚಿಹೋಯಿತು. ಮುತ್ತೈದೆಯ ಕಾಲು ಬರಿದಾಗಿರಬಾರದು ಎಂದು ಅತ್ತೆ ಬೊಬ್ಬೆ ಹೊಡೆದಳು. ಅಪ್ಪ ಹೊಸದು ಮಾಡಿಸುವುದು ಇವತ್ತು ನಾಳೆ ಎಂದು ಹೇಳಿಕೊಂಡೇ ಇದ್ದ. ಅವ್ವ ಪೆಟ್ಟಿಗೆಯಿಂದ ಆ ಉಂಗುರ ತೆಗೆದು ನೋಡಿದಳು. ಮುದುಕಿಯ ಸಣಕಲು ಬೆರಳಿನದು ಅವ್ವನ ಕಾಲಿನ ಎರಡನೇ ಬೆರಳಿಗೆ ಸರಿಯಾಗಿ ಕೂತಿತು. ಬೆಳ್ಳಿ ಇರಬೇಕಾದದ್ದೇ ಕಾಲಿನಲ್ಲಿ, ಸರಿ ಹೋಯಿತಲ್ಲ ಎಂದಳು ಅತ್ತೆ.

ಅವತ್ತಿನಿಂದ ಅವ್ವನ ಎಡಗಾಲಿನಲ್ಲಿ ಬೆಳ್ಳಿ, ಬಲಗಾಲಿನಲ್ಲಿ ಪ್ಲಾಟಿನಮ್. ಎಡಗಾಲಿನದು ತಿಂಗಳಿಗೊಮ್ಮೆ ಕಪ್ಪಾಗುತ್ತಿತ್ತು. ಅವ್ವ ಬಚ್ಚಲ ಕಲ್ಲಿನ ಮೇಲೆ ಕಾಲಿಟ್ಟುಕೊಂಡು ಹುಣಿಸೆಹಣ್ಣು, ಬೂದಿ ಹಾಕಿ ತಿಕ್ಕುತ್ತಿದ್ದಳು. ಬಲಗಾಲಿನದನ್ನು ತಿಕ್ಕಿದ್ದೇ ನಾನು ನೋಡಿಲ್ಲ. ಹೊಳಪು ಸ್ವಲ್ಪ ಮಂಕಾಗಿತ್ತು, ಗೀರು ಬಿದ್ದಿತ್ತು, ಕಪ್ಪು ಮಾತ್ರ ಇಲ್ಲ. ಕೆಸರು, ಸಗಣಿ, ಗಂಜಲ, ಒಲೆಬೂದಿ, ಯಾವುದಕ್ಕೂ ಇಲ್ಲ. ಬಾವಿಕಟ್ಟೆಯಲ್ಲಿ ಹೆಂಗಸರು, "ಎಲ್ಲಿ ಮಾಡ್ಸಿದ್ದಕ್ಕ, ಎಂಥ ಚೊಕ್ಕ ಬೆಳ್ಳಿ ಕಣಕ್ಕ ನಿಂದು" ಎಂದು ಹೊಟ್ಟೆಕಿಚ್ಚು ಪಡುತ್ತಿದ್ದರು. ಅವ್ವನಿಗೆ ಒಳಗೊಳಗೇ ಖುಷಿ. ಎಷ್ಟು ಚೊಕ್ಕ ಬೆಳ್ಳಿಯಾದರೂ ಗಂಧಕದ ಗಾಳಿ ತಾಗಿದರೆ ಕಪ್ಪಾಗಲೇಬೇಕು ಎಂದು ನಾನು ಬಿ.ಎಸ್ಸಿ.ಯಲ್ಲಿ ಓದಿದೆ, ಪರೀಕ್ಷೆಯಲ್ಲಿ ಬರೆದೆ, ಒಳ್ಳೆಯ ಅಂಕವನ್ನೂ ತೆಗೆದುಕೊಂಡೆ. ಓದಿದ್ದು ಪುಸ್ತಕದಲ್ಲಿತ್ತು, ಕಾಲು ಮನೆಯಲ್ಲಿತ್ತು. ಎರಡನ್ನೂ ಕೂಡಿಸಿ ನೋಡುವ ಬುದ್ಧಿ ಮಾತ್ರ ನನ್ನ ತಲೆಯಲ್ಲಿರಲಿಲ್ಲ.

ಅಪ್ಪ ಸತ್ತಾಗ ಹತ್ತನೇ ದಿನ ಕಾಲುಂಗುರ ತೆಗೆಸಿದರು. ಎಡಗಾಲಿನದು ಸವೆದು ತಂತಿಯಾಗಿತ್ತು, ಮುರಿದೇ ಬಂತು. ಬಲಗಾಲಿನದು ಬರಲೊಲ್ಲದು, ಹರಳೆಣ್ಣೆ ಸವರಿ ಎಳೆದರು. ಅವ್ವ ಅದನ್ನು ಸೆರಗಿನ ತುದಿಗೆ ಕಟ್ಟಿಕೊಂಡಳು.

ಅದಾದ ಮೇಲೆ ಅವ್ವ ಊರಮ್ಮನ ಗುಡಿ ಸಾರಿಸಲು ಶುರುಮಾಡಿದಳು. ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಎದ್ದು ಒಂದು ಬಕೆಟ್ ಸಗಣಿ ನೀರು ಕಲಸಿಕೊಂಡು ಹೋಗಿ ಗುಡಿಯ ಮುಂದಿನ ಅಂಗಳ, ಜಗಲಿ, ಎಲ್ಲ ಬಳಿದು ಬರುವುದು. ಗಂಡ ಸತ್ತವಳನ್ನು ಅರಿಸಿನ ಕುಂಕುಮಕ್ಕೆ ಯಾರೂ ಕರೆಯುವುದಿಲ್ಲ, ಮದುವೆ ಮನೆಯಲ್ಲಿ ಮುಂದೆ ನಿಲ್ಲಿಸುವುದಿಲ್ಲ. ಆದರೆ ಸಗಣಿ ಬಳಿಯುವವಳನ್ನು ಬೇಡ ಎನ್ನುವವರು ಯಾರಿದ್ದಾರೆ? ಅಲ್ಲಿಗೆ ಹೋದರೆ ನಾಲ್ಕು ಜನ ಸಿಗುತ್ತಾರೆ, ಪೂಜಾರಿ ಮೊದಲ ತೀರ್ಥ ಕೊಡುತ್ತಾನೆ, "ಏನಕ್ಕ, ರಾಗಿ ಹೊಡ್ದಾಯ್ತಾ?" ಎಂದು ದಾರಿಯಲ್ಲಿ ಹೋಗುವವರು ಕೇಳುತ್ತಾರೆ. ಅವ್ವನಿಗೆ ಊರಿನಲ್ಲಿ ಉಳಿದಿದ್ದ ಜಾಗ ಅದೊಂದೇ. ನಾನು ಕಾಲೇಜಿನ ಕೆಲಸಕ್ಕೆಂದು ನಾಗಮಂಗಲದಲ್ಲಿ ಕೋಣೆ ಮಾಡಿಕೊಂಡಿದ್ದೆ. ನನ್ನ ಜೊತೆ ಬಂದಿರು ಎಂದು ಎಷ್ಟು ಕರೆದರೂ, "ಗುಡಿ ಯಾರು ಸಾರಿಸ್ತಾರೆ?" ಎನ್ನುತ್ತಿದ್ದಳು. ಅದರ ಮುಂದೆ ನನ್ನ ಮಾತು ನಡೆಯುತ್ತಿರಲಿಲ್ಲ.

ತೊಂಬತ್ತರ ದಶಕದ ನಡುವೆ ಒಂದು ಬೇಸಿಗೆಯಲ್ಲಿ ಊರಮ್ಮನಿಗೆ ಬೆಳ್ಳಿಯ ಮುಖವಾಡ ಮಾಡಿಸಬೇಕೆಂದು ಊರು ತೀರ್ಮಾನಿಸಿತು. ಮನೆಗೆ ಇಷ್ಟೆಂದು ದುಡ್ಡು ಎತ್ತುವಂತಿಲ್ಲ, ಬೆಳ್ಳಿಯನ್ನೇ ಕೊಡಬೇಕು. ಮುರಿದ ಗೆಜ್ಜೆ, ಉಡಿದಾರ, ಕುಂಕುಮದ ಭರಣಿ, ಏನಾದರೂ ಸರಿ. ನಮ್ಮೂರಿನಲ್ಲಿ ಇದಕ್ಕೊಂದು ಕಟ್ಟಳೆಯಿದೆ. ಎಲ್ಲರ ಬೆಳ್ಳಿಯನ್ನು ಒಂದೇ ಮೂಸೆಗೆ ಸುರಿಯುವುದಿಲ್ಲ. ಅಕ್ಕಸಾಲಿಯನ್ನು ಗುಡಿಯ ಮುಂದೆಯೇ ಕೂರಿಸಿ, ಒಂದೊಂದು ಮನೆಯ ಬೆಳ್ಳಿಯನ್ನೂ ಚಿಕ್ಕ ಮೂಸೆಯಲ್ಲಿ ಬೇರೆಯಾಗಿ, ಆ ಮನೆಯವರ ಕಣ್ಣೆದುರಿಗೇ ಕರಗಿಸಬೇಕು. ಕರಗಿ ಗುಂಡಿಯಷ್ಟಾದ ಬೆಳ್ಳಿಯನ್ನು ಮನೆಯವರು ತಾವೇ ಎತ್ತಿ ಅಮ್ಮನ ತಟ್ಟೆಗೆ ಹಾಕಬೇಕು. ಅಮ್ಮನ ಮುಖಕ್ಕೆ ಯಾರ ಮನೆಯ ಮೋಸವೂ ಸೇರಬಾರದು ಎಂದು ಹಿರಿಯರು ಮಾಡಿದ್ದು. ಒಳ್ಳೆಯ ಉದ್ದೇಶವೇ, ಬಿಡಿ.

ಅವತ್ತು ಭಾನುವಾರ, ನಾನೂ ಊರಿನಲ್ಲಿದ್ದೆ. ಹೊಸಹೊಳಲಿನ ಕಡೆಯಿಂದ ಬಂದಿದ್ದ ವಯಸ್ಸಾದ ಅಕ್ಕಸಾಲಿ ಚಪ್ಪರದಡಿ ಅಗ್ಗಿಷ್ಟಿಕೆ ಹೂಡಿಕೊಂಡು ಕೂತಿದ್ದರು. ಮಧ್ಯಾಹ್ನದ ಹೊತ್ತಿಗೆ ನಮ್ಮ ಮನೆಯ ಸರದಿ ಬಂತು. ಅವ್ವ ಸೆರಗಿನ ಗಂಟು ಬಿಚ್ಚಿ ಉಂಗುರ ತೆಗೆದಳು. ಸಾಲಿನಲ್ಲಿದ್ದ ನಮ್ಮ ದಾಯಾದಿ ಮನೆಯ ದೊಡ್ಡಮ್ಮ ಮೂಗು ಮುರಿದಳು.

"ಗಂಡ ಸತ್ತೋಳ ಕಾಲುಂಗ್ರ ತಂದು ಅಮ್ಮನ ಮೊಕುಕ್ಕೆ ಹಾಕದಾ? ಸರಿ ಓಯ್ತು!"

"ಬೆಂಕಿಗೆ ಬೀಳೋದು ತಾನೆ, ಬೀಳ್ಲಿ ಬುಡಮ್ಮಿ" ಎಂದ ಊರ ಯಜಮಾನ. ಎಲ್ಲ ನ್ಯಾಯಕ್ಕೂ ಮುಂದೆ ಕೂರುವ ಮನುಷ್ಯ, ಕೆಟ್ಟವನಲ್ಲ.

ಅಕ್ಕಸಾಲಿ ಉಂಗುರವನ್ನು ಅಂಗೈಯಲ್ಲಿ ತೂಗಿ ಹುಬ್ಬು ಗಂಟಿಕ್ಕಿದರು. ಕಲ್ಲಿಗೆ ಉಜ್ಜಿ, ಗೀರಿನ ಮೇಲೆ ಒಂದು ಹನಿ ಆಸಿಡ್ ಬಿಟ್ಟರು. ಏನೂ ಆಗಲಿಲ್ಲ. ಮತ್ತೊಂದು ಹನಿ ಬಿಟ್ಟರು.

"ಯಾಕೋ ಇದು ಬೆಳ್ಳಿ ತರ ಇಲ್ವಲ್ಲ ತಾಯಿ."

"ಒಳ್ಳೆ ಬೆಳ್ಳಿ ಕಣಪ್ಪ" ಎಂದಳು ಅವ್ವ. "ಇಷ್ಟ್ ವರ್ಷದಲ್ಲಿ ಒಂದ್ ದಿನ ಕಪ್ಪಾಗಿಲ್ಲ, ನೀನೇ ನೋಡು."

ಅಯ್ಯೋ, ಆ ಮಾತು! ಉತ್ತರವನ್ನು ಅವ್ವನೇ ಹೇಳಿಬಿಟ್ಟಿದ್ದಳು. ನಾನು ಎರಡು ಮಾರು ದೂರದಲ್ಲಿ ನಿಂತು ಬಿಸಿಲಿಗೆ ಕೊಡೆ ಹಿಡಿದುಕೊಂಡಿದ್ದೆ.

ಅಕ್ಕಸಾಲಿ ಅದನ್ನು ಮೂಸೆಗೆ ಹಾಕಿ, ಕರಗಲು ನೆರವಾಗುವ ಬಿಳಿಗಾರ ಉದುರಿಸಿ ತಿದಿ ಒತ್ತಿದರು. ಅವರ ಮುಂದೆ ಅದೇ ಬೆಂಕಿಯಲ್ಲಿ ಅದುವರೆಗೆ ಎಷ್ಟೋ ಮನೆಯ ಗೆಜ್ಜೆ ನೀರಾಗಿತ್ತು. ಉಂಗುರ ಕೆಂಪಗಾಯಿತು, ಆಮೇಲೆ ಹಳದಿಗೆ ತಿರುಗಿತು, ಆದರೆ ಉಂಗುರವಾಗಿಯೇ ಉಳಿಯಿತು. ಇದ್ದಿಲು ಸುರಿದರು, ಇನ್ನಷ್ಟು ಒತ್ತಿದರು, ಮುಖದಿಂದ ಬೆವರು ಇಳಿಯಿತು. ಕೊನೆಗೆ ಇಕ್ಕಳದಲ್ಲಿ ಎತ್ತಿ ನೀರಿಗೆ ಅದ್ದಿದರು. ಚುಯ್ ಎಂದಿತು. ಆಚೆ ತೆಗೆದರೆ ಮೊದಲಿಗಿಂತ ಬೆಳ್ಳಗೆ ಹೊಳೆಯುತ್ತಿತ್ತು.

"ಅಮ್ಮ ಒಪ್ನಿಲ್ಲ" ಎಂದರು ಯಾರೋ ಹಿಂದಿನಿಂದ.

"ನಾನ್ ಅವಾಗ್ಲೇ ಬಡ್ಕಂಡೆ, ಯಾರ್ ಕೇಳ್ತೀರಿ?" ಎಂದಳು ದೊಡ್ಡಮ್ಮ.

ಅವ್ವನ ಮುಖ ಬಿಳಿಚಿಕೊಂಡಿತು. ಯಜಮಾನ ನನ್ನ ಕಡೆ ತಿರುಗಿ, "ನೀನು ಕಾಲೇಜಲ್ಲಿ ಇಂಥದ್ನೇ ಏಳ್ಕೊಡದಲ್ವವ್ವಾ? ಏನಿದು, ನೀನಾರ ಏಳು" ಎಂದ. ಊರಿಗೆ ಊರೇ ನನ್ನನ್ನು ನೋಡಿತು. ನನಗಾಗ ಮೂವತ್ತರ ಹರೆಯ. ದೇವರು, ಮೈಲಿಗೆ ಎಂದರೆ ಮೈಯೆಲ್ಲ ಉರಿಯುತ್ತಿದ್ದ ಕಾಲ. ಈ ಮೂಢರ ಬಾಯಿ ಮುಚ್ಚಿಸಬೇಕು, ಅವ್ವನನ್ನು ಬಿಡಿಸಬೇಕು ಎಂಬ ಆತುರದಲ್ಲಿ, ಉಂಗುರವನ್ನು ಕೈಯಲ್ಲಿ ಮುಟ್ಟಿಯೂ ನೋಡದೆ, ಪಾಠ ಮಾಡುವ ದನಿಯಲ್ಲಿ ಹೇಳಿದೆ.

"ಅಮ್ಮ ಒಪ್ಪೋದೂ ಇಲ್ಲ, ಬಿಡೋದೂ ಇಲ್ಲ. ಅದು ಸ್ಟೀಲು. ಸ್ಟೀಲು ಈ ಬೆಂಕಿಗೆ ಕರಗಲ್ಲ, ಅಷ್ಟೆ."

ಥೂ, ನನ್ನ ನಾಲಿಗೆಗೆ ಬೆಂಕಿ ಬೀಳಲಿ. ಸ್ಟೀಲಾಗಿದ್ದರೆ ಆಸಿಡ್ ತಿನ್ನುತ್ತಿತ್ತು, ಬೆಂಕಿಯಲ್ಲಿ ಕಪ್ಪು ಪೊರೆ ಕಟ್ಟುತ್ತಿತ್ತು. ಪಿ.ಯು.ಸಿ. ಹುಡುಗ ಬರೆದಿದ್ದರೆ ಸೊನ್ನೆ ಹಾಕುತ್ತಿದ್ದೆ. ಅಕ್ಕಸಾಲಿ ನನ್ನನ್ನು ಅನುಮಾನದಿಂದ ನೋಡಿದರು, ಓದಿದವಳ ಮುಂದೆ ಮಾತೇಕೆ ಎಂದು ಸುಮ್ಮನಾದರು. ಊರಿನವರಿಗೆ ನನ್ನ ಮಾತಿನಿಂದ ಬೇರೆಯದೇ ಅರ್ಥವಾಯಿತು. ಸ್ಟೀಲು ತಂದು ಬೆಳ್ಳಿ ಎಂದು ಅಮ್ಮನಿಗೆ ಕೊಡಲು ಬಂದಳು, ಮಗಳೇ ಒಪ್ಪಿಕೊಂಡಳು. ಯಜಮಾನ ಉಂಗುರವನ್ನು ಅವ್ವನ ಮುಂದಿಟ್ಟು, ಮುಖವಾಡ ಆಗಿ ಅಮ್ಮನಿಗೆ ಏರುವವರೆಗೆ ಗುಡಿ ಸಾರಿಸುವುದು ಬೇಡ ಎಂದುಬಿಟ್ಟ. ಮೆತ್ತಗೆಯೇ ಹೇಳಿದ. ಅವ್ವ ತಲೆ ಬಗ್ಗಿಸಿಕೊಂಡು ಮನೆಗೆ ಬಂದಳು. ಉಂಗುರವನ್ನು ನನ್ನ ಚೀಲದೊಳಕ್ಕೆ ಎಸೆದು, "ತಗಂಡೋಗು, ನಿನ್ ಸ್ಟೀಲಾ" ಎಂದಳು.

ಅದೇ ವಾರ ಪ್ರಯೋಗಶಾಲೆಯಲ್ಲಿ ಜ್ವಾಲೆಯ ಪರೀಕ್ಷೆ ಇತ್ತು. ಗಾಜಿನ ಕಡ್ಡಿಯ ತುದಿಗೆ ಕೂರಿಸಿದ ಪ್ಲಾಟಿನಮ್ ತಂತಿಯನ್ನು ಆಮ್ಲಕ್ಕೆ ಅದ್ದಿ, ಲವಣಕ್ಕೆ ಮುಟ್ಟಿಸಿ ಬರ್ನರಿನ ಬೆಂಕಿಗೆ ಹಿಡಿಯುವುದು. ಹಸಿರು ಬಂದರೆ ಬೇರಿಯಮ್, ಇಟ್ಟಿಗೆ ಕೆಂಪು ಬಂದರೆ ಕ್ಯಾಲ್ಸಿಯಮ್. ಇದ್ದದ್ದು ಎರಡೇ ತಂತಿ, ಹುಡುಗರು ಮುರಿದು ಹಾಕುತ್ತಾರೆಂದು ನಾನು ಹದ್ದಿನ ಹಾಗೆ ಕಾಯುತ್ತಿದ್ದೆ. ಬಿಂಡಿಗನವಿಲೆ ಕಡೆಯಿಂದ ಬರುತ್ತಿದ್ದ ಒಬ್ಬಳು ಹುಡುಗಿ ಕೇಳಿದಳು.

"ಮೇಡಂ, ಇಷ್ಟು ಪರದಾಡೋ ಬದ್ಲು ಒಂದ್ ಸ್ಟೀಲ್ ತಂತಿ ಇಟ್ಕಂಡ್ರೆ ಆಗಲ್ವಾ?"

"ಆಗಲ್ಲಮ್ಮ. ಸ್ಟೀಲನ್ನು ಆಸಿಡ್ ತಿನ್ನುತ್ತೆ. ಬೆಂಕಿಗೆ ಹಿಡಿದರೆ ಕಪ್ಪಾಗುತ್ತೆ, ಜ್ವಾಲೆಯ ಬಣ್ಣ ಕೆಡಿಸುತ್ತೆ. ಪ್ಲಾಟಿನಮ್ ಹಾಗಲ್ಲ. ಆಸಿಡ್‌ಗೆ ಏನೂ ಆಗಲ್ಲ, ಬೆಂಕಿಗೆ ಕರಗಲ್ಲ, ತೆಗೆದ ಮೇಲೂ ಬೆಳ್ಳಗೇ..."

ಅಲ್ಲಿಗೆ ನಿಂತೆ. ತರಗತಿ ಬೇಗ ಬಿಟ್ಟು, ಬಾಗಿಲು ಹಾಕಿಕೊಂಡು, ಚೀಲ ತಡಕಿ ಉಂಗುರ ತೆಗೆದೆ.

ಮೊದಲು ಒಂದು ಆಮ್ಲ, ಆಮೇಲೆ ಇನ್ನೊಂದು. ಉಂಗುರ ಕದಲಲಿಲ್ಲ. ಎರಡನ್ನೂ ಬೆರೆಸಿದರೆ ಪ್ಲಾಟಿನಮ್ಮನ್ನೂ ಕರಗಿಸುವ ದ್ರಾವಣವಾಗುತ್ತದೆ, ಅದನ್ನು ಮಾಡುವ ಧೈರ್ಯ ಬರಲಿಲ್ಲ. ಬದಲಿಗೆ ತಕ್ಕಡಿಯಲ್ಲಿ ತೂಗಿದೆ, ದಾರ ಕಟ್ಟಿ ನೀರಿನಲ್ಲಿ ಮುಳುಗಿಸಿ ಮತ್ತೆ ತೂಗಿದೆ. ಆರು ಗ್ರಾಮಿಗೆ ಮೇಲಿದ್ದದ್ದು ನೀರಿನಲ್ಲಿ ಒಂದು ಗ್ರಾಮಿನ ಹತ್ತರಲ್ಲಿ ಮೂರು ಪಾಲು ಮಾತ್ರ ಇಳಿಯಿತು. ಬೆಳ್ಳಿಯಾಗಿದ್ದರೆ ಅದರ ಎರಡರಷ್ಟು ಇಳಿಯಬೇಕಿತ್ತು, ಸ್ಟೀಲಾಗಿದ್ದರೆ ಇನ್ನೂ ಹೆಚ್ಚು. ನೀರಿಗಿಂತ ಇಪ್ಪತ್ತೊಂದು ಪಟ್ಟು ಭಾರ. ಮೂರು ಸಲ ಮಾಡಿದೆ, ಮೂರು ಸಲವೂ ಅದೇ ಬಂತು. ಕುರ್ಚಿಯಲ್ಲಿ ಕೂತು ಅತ್ತೆ. ಸಂತೋಷಕ್ಕೋ ಅವಮಾನಕ್ಕೋ ನನಗೇ ತಿಳಿಯಲಿಲ್ಲ.

ಹಿಂದೆ ದಕ್ಷಿಣ ಅಮೆರಿಕದಲ್ಲಿ ಚಿನ್ನ ಹುಡುಕಲು ಹೋದ ಸ್ಪೇನಿನವರಿಗೆ ನದಿಯ ಮರಳಿನಲ್ಲಿ ಈ ಲೋಹ ಸಿಕ್ಕಿತ್ತು. ಕರಗುವುದಿಲ್ಲ, ಯಾವುದಕ್ಕೂ ಬಾರದ ಕೀಳು ಬೆಳ್ಳಿ ಎಂದು ಬೈದು ವಾಪಸು ನದಿಗೆ ಎಸೆದರಂತೆ. ಈ ಕಥೆಯನ್ನು ಪ್ರತಿ ವರ್ಷ ತರಗತಿಯಲ್ಲಿ ಹೇಳಿ ಹುಡುಗರನ್ನು ನಗಿಸುತ್ತಿದ್ದೆ. ಅವರಾದರೂ ಅದನ್ನು ಬೆಳ್ಳಿ ಎಂದರು. ನಾನು ಅದನ್ನೂ ಅನ್ನಲಿಲ್ಲ.

ಶನಿವಾರ ಸಂಜೆ ಊರಿಗೆ ಹೋದವಳು ಮನೆಗೂ ಹೋಗದೆ ನೆಟ್ಟಗೆ ಗುಡಿಯ ಜಗಲಿಗೆ ಹೋದೆ. ಯಜಮಾನ, ಪೂಜಾರಿ, ಇನ್ನೂ ಏಳೆಂಟು ಜನ ಕೂತಿದ್ದರು. ಅವ್ವನನ್ನೂ ಕರೆಸಿದೆ. ಅವಳು ಜಗಲಿ ಹತ್ತಲಿಲ್ಲ, ಕೆಳಗೇ ನಿಂತಳು. ನಾನು ಉಂಗುರ ಎತ್ತಿ ತೋರಿಸಿ ಶುರುಮಾಡಿದೆ. ನನ್ನಿಂದ ತಪ್ಪಾಯಿತು, ಇದು ಸ್ಟೀಲಲ್ಲ, ಪ್ಲಾಟಿನಮ್ ಎಂದೆ. ಬೆಂಕಿಗೆ ಕರಗದಿದ್ದದ್ದು ಅಮ್ಮನ ಮುನಿಸಲ್ಲ, ಈ ಲೋಹದ ಗುಣ ಎಂದೆ. ಇದನ್ನು ಕರಗಿಸಬೇಕಾದರೆ ಬೆಳ್ಳಿಗೆ ಬೇಕಾದ ಬಿಸಿಗಿಂತ ಸುಮಾರು ಎರಡರಷ್ಟು ಬೇಕು. ಗೊಬ್ಬರಕ್ಕೂ ಮದ್ದುಗುಂಡಿಗೂ ಬೇಕಾದ ಆಸಿಡ್ ತಯಾರಿಸುವ ಕಾರ್ಖಾನೆಗಳಲ್ಲಿ ಇದರ ಬಲೆ ಹಾಸುತ್ತಾರೆ. ಅದು ತಾನು ಸವೆಯದೆ ಗಾಳಿಯನ್ನೂ ಅನಿಲವನ್ನೂ ಕೂಡಿಸುತ್ತದೆ. ಕಾರಿನ ಹೊಗೆಯ ವಿಷ ಕಡಿಮೆ ಮಾಡಲು ಹಾಕುತ್ತಾರೆ. ಇದರಿಂದ ಮಾಡಿದ ಔಷಧಿಯನ್ನು ಕ್ಯಾನ್ಸರಿಗೆ ಕೊಡುತ್ತಾರೆ. ಮೈಯೊಳಗೆ ಇಟ್ಟರೂ ಕೆಡುವುದಿಲ್ಲವೆಂದು ಎದೆಬಡಿತ ನಡೆಸುವ ಯಂತ್ರದ ತಂತಿಗೆ ಬಳಸುತ್ತಾರೆ. ಜನ ಬಾಯಿ ಬಿಟ್ಟುಕೊಂಡು ಕೇಳುತ್ತಿದ್ದರು. ನನ್ನ ಜೀವಮಾನದಲ್ಲಿ ಅಷ್ಟು ಚೆನ್ನಾಗಿ ಪಾಠ ಮಾಡಿದ್ದಿಲ್ಲ.

"ಅಂಗಾರೆ ಬೆಳ್ಳಿಗಿಂತ ಎಚ್ಚಿಂದು ಅನ್ನು" ಎಂದ ಪೂಜಾರಿ.

"ಬೆಳ್ಳಿ ಎಲ್ಲಿ ಸ್ವಾಮಿ, ಚಿನ್ನಕ್ಕಿಂತ ಹೆಚ್ಚಿಂದು!" ಎಂದು ಬೀಗಿದೆ.

ಯಜಮಾನ ಗಡ್ಡ ಕೆರೆದುಕೊಂಡ.

"ಅಲ್ಲಾ ಕಣವ್ವ, ಅಂಥದ್ದು ನಿಮ್ಮವ್ವಂಗೆ ಎಲ್ಲಿಂದ ಬಂತು?"

"ಪಟ್ಟಣದಲ್ಲಿ ಕೆಲ್ಸುಕ್ಕಿದ್ದಾಗ ಹಾಸ್ಗೆ ಇಡ್ದಿದ್ ಅಮ್ಮಾರು ಕೊಟ್ರು" ಎಂದಳು ಅವ್ವ ಕೆಳಗಿನಿಂದ.

"ಯಾರಾರ ನೋಡಿದ್ರಾ ಕೊಟ್ಟಿದ್ದ?"

"ಇಲ್ಲ. ನಾವಿಬ್ರೇ ಇದ್ದದ್ದು."

ಜಗಲಿಯ ಮೂಲೆಯಲ್ಲಿದ್ದ ಒಬ್ಬ ಕಿಸಕ್ಕನೆ ನಕ್ಕ. "ಮುಸ್ರೆ ತಿಕ್ಕೋಳ್ಗೆ ಚಿನ್ನುಕ್ಕಿಂತ ಎಚ್ಚಿಂದು ಕೊಟ್ಬುಟ್ರಾ! ಹಾಸ್ಗೆ ಇಡ್ದಿದ್ ಮುದ್ಕಿ ಬೆರ್ಳಿಂದ ಯಾರ್ ಬೇಕಾರೂ ಕೀಳ್ಬೌದು ಬುಡಲಾ."

ನಾನು ಅವನ ಮೇಲೆ ಹಾರಿಬಿದ್ದೆ, ಬಾಯಿಗೆ ಬಂದಂತೆ ಬೈದೆ. ಏನು ಬೈದರೇನು? ಅವರಿಗೆ ಬೇಕಾದ ಪುರಾವೆಯನ್ನೆಲ್ಲ ನಾನೇ ಒದಗಿಸಿ ಆಗಿತ್ತು. ಅಮ್ಮ ಇವಳ ಬೆಳ್ಳಿ ಒಪ್ಪದೆ ಇದ್ದದ್ದು ಯಾಕೆ ಎಂಬುದಕ್ಕೂ ಈಗ ಅವರಿಗೆ ಕಾರಣ ಸಿಕ್ಕಿತು, ಕದ್ದ ಮಾಲಲ್ಲವೇ! ನನ್ನ ತೂಕ, ನನ್ನ ಆಮ್ಲ, ನನ್ನ ಇಪ್ಪತ್ತೊಂದು ಪಟ್ಟು, ಎಲ್ಲ ಸೇರಿ ಅವ್ವನನ್ನು ಮೋಸಗಾತಿಯಿಂದ ಕಳ್ಳಿಯಾಗಿಸಿದವು.

ಮನೆಗೆ ಬಂದು ಅವ್ವ ಒಲೆ ಹಚ್ಚಿದಳು. ಮುದ್ದೆಗೆ ಎಸರಿಟ್ಟಳು. ನಾನು ಹೊಸಿಲ ಮೇಲೆ ಕೂತು ಊರನ್ನು ಶಪಿಸುತ್ತಿದ್ದೆ. ನನ್ನೊಳಗೊಂದು ಹುಳು ಮಾತ್ರ ಅಷ್ಟು ಹೊತ್ತಿಗಾಗಲೇ ಕೊರೆಯತೊಡಗಿತ್ತು. ಎಂಜಿನಿಯರರ ಹೆಂಡತಿಗೆ ತನ್ನ ಉಂಗುರ ಏನೆಂದು ಗೊತ್ತಿರಲಿಲ್ಲವೇ? ಗೊತ್ತಿದ್ದೂ ಕೊಟ್ಟರೇ? ನಿಜ ಹೇಳುತ್ತೇನೆ, ತಡೆದುಕೊಳ್ಳಲಿಲ್ಲ, ಕೇಳಿಯೇಬಿಟ್ಟೆ.

"ಅವ್ವ, ಅವರೇ ಕೊಟ್ಟಿದ್ದು ತಾನೆ?"

ಅವ್ವ ಎಸರಿಗೆ ಹಿಟ್ಟು ಹಾಕಿದಳು, ಕೋಲಿನಿಂದ ತಿರುವಿದಳು, ಮುದ್ದೆ ಕಟ್ಟಿ ತಟ್ಟೆಗಿಟ್ಟಳು. ಕೇಳಿಸಲಿಲ್ಲವೇನೋ ಎಂದುಕೊಂಡು ನಾನು ಊಟಕ್ಕೆ ಕೂತೆ.

ಬೆಳಿಗ್ಗೆ ಎದ್ದಾಗ ಅವಳು ಆಗಲೇ ಸ್ನಾನ ಮಾಡಿ ಒಳ್ಳೆಯ ಸೀರೆ ಉಟ್ಟಿದ್ದಳು. "ನಡಿ ಪಟ್ಟಣುಕ್ಕೆ. ಅವರ್ದು ಅವರ್ಗೆ ಕೊಟ್ ಬರಾನ" ಎಂದಳು. ನಾನು ಬೇಡ ಎಂದೆ, ಅದು ನಿನ್ನದು ಎಂದೆ. ಕಲ್ಲಿಗೆ ಹೇಳಿದಂತಾಯಿತು. ಕೆ.ಆರ್. ಪೇಟೆಯಲ್ಲಿ ಒಂದು ಬಸ್ಸು, ಪಾಂಡವಪುರದಲ್ಲಿ ಇಳಿದು ಇನ್ನೊಂದು. ಪಾಂಡವಪುರದ ಸ್ಟ್ಯಾಂಡಿನಲ್ಲಿ ಮುಕ್ಕಾಲು ಗಂಟೆ ಕಬ್ಬಿನ ಲಾರಿಗಳ ಧೂಳು ಕುಡಿಯುತ್ತಾ ನಿಂತೆವು. ಕಾಫಿ ಕುಡಿಯವ್ವ ಎಂದರೆ ಕುಡಿಯಲಿಲ್ಲ. ಕೈ ಮುಷ್ಟಿಯಲ್ಲಿ ಕರವಸ್ತ್ರ, ಅದರೊಳಗೆ ಉಂಗುರ, ದಾರಿಯುದ್ದಕ್ಕೂ ಮುಷ್ಟಿ ಬಿಚ್ಚಲಿಲ್ಲ.

ಮನೆ ಹಾಗೇ ಇತ್ತು, ಅವ್ವ ತಡವರಿಸದೆ ಹೋಗಿ ನಿಂತಳು. ಬಾಗಿಲು ತೆರೆದವರು ಆ ಅಮ್ಮನ ಸೊಸೆ, ಅವರಿಗೂ ಅರವತ್ತರ ಹತ್ತಿರ ವಯಸ್ಸು. ಒಳಗೆ ಕರೆಯಲಿಲ್ಲ. ಅವ್ವ ವರಾಂಡದ ಕೆಳಗೆ ನಿಂತು ಎಲ್ಲವನ್ನೂ ಹೇಳಿದಳು, ಯಾವ ಕೋಣೆ, ಯಾವ ಮಂಚ, ಆ ಅಮ್ಮ ಹೇಗೆ ಬೆರಳು ಮಡಿಸಿದರು ಎಂಬುದನ್ನೂ. ಆಕೆ ಉಂಗುರ ತೆಗೆದುಕೊಂಡು ಬೆಳಕಿಗೆ ಹಿಡಿದು ನೋಡಿದರು.

"ಅತ್ತೆಯವರ ಉಂಗುರ ಒಂದು ಕಾಣುತ್ತಿಲ್ಲ ಅಂತ ಮನೆಯವರು ಹೇಳುತ್ತಿದ್ದರು" ಎಂದರು.

"ಅವರೇ ಕೊಟ್ಟಿದ್ದು ಕಣ್ರವ್ವಾ. ಕೊಟ್ಟಿದ್ದು ಅಂತ ಒಂದ್ ಮಾತು ನನ್ ಮಗಳ್ ಮುಂದೆ ಏಳ್ಬುಡಿ. ಉಂಗ್ರ ನೀವೇ ಇಟ್ಕಳಿ."

"ನಾನು ಆಗ ಈ ಮನೆಗೆ ಬಂದಿರಲೇ ಇಲ್ಲವಲ್ಲಮ್ಮ. ನೋಡದೆ ಇರುವುದನ್ನು ನಾನು ಹೇಗೆ ಹೇಳಲಿ? ಈಗಲಾದರೂ ತಂದುಕೊಟ್ಟೆಯಲ್ಲ, ಒಳ್ಳೆಯದಾಯಿತು."

ಈಗಲಾದರೂ! ಆ ಒಂದು ಪದಕ್ಕೆ ನನ್ನ ರಕ್ತ ಕುದಿಯಿತು. ನಿಮ್ಮತ್ತೆಯ ಹೇಲು ಬಾಚಿದವಳು ಇವಳು ಎಂದು ಕೂಗಲು ಬಾಯಿ ತೆರೆದೆ. ಅವ್ವ ನನ್ನ ತೋಳು ಹಿಡಿದು ಗೇಟಿನ ಆಚೆಗೆ ಎಳೆದುಕೊಂಡು ಬಂದಳು. ಒಂದು ಲೋಟ ನೀರೂ ಕುಡಿಯದೆ ವಾಪಸು ಬಸ್ಸು ಹತ್ತಿದೆವು.

ಊರಿಗೆ ಸುದ್ದಿ ನಮಗಿಂತ ಮುಂಚೆ ಹೋಗಿತ್ತೋ ಏನೋ. ಕದಿಯದಿದ್ದರೆ ಯಾಕೆ ವಾಪಸು ಕೊಟ್ಟಳು, ಯಾರಾದರೂ ಚಿನ್ನದಂಥದ್ದನ್ನು ಸುಮ್ಮನೆ ಕೊಡುತ್ತಾರೆಯೇ ಎಂದರು. ಇಟ್ಟುಕೊಂಡಿದ್ದರೆ ಕಳ್ಳಿ, ಕೊಟ್ಟರೂ ಕಳ್ಳಿ. ಇದಕ್ಕೆ ಯಾವ ಪ್ರಯೋಗಶಾಲೆಯಲ್ಲೂ ಪರೀಕ್ಷೆ ಇಲ್ಲ.

ಮುಖವಾಡ ಅಮ್ಮನಿಗೆ ಏರಿತು, ಆದರೆ ಕಳ್ಳಿ ಎನಿಸಿಕೊಂಡ ಅವ್ವನನ್ನು ಗುಡಿ ಸಾರಿಸಲು ಯಾರೂ ಕರೆಯಲಿಲ್ಲ. ಅದಾಗಿ ಎರಡು ತಿಂಗಳಿಗೆ ಗುಡಿಯ ಅಂಗಳವೆಲ್ಲ ಗುಂಡಿ ಬಿದ್ದು, ಧೂಳು ಎದ್ದು, ಕೋಳಿ ಕೆರೆಯತೊಡಗಿದವು. ಸಾರಿಸಲು ಯಾವ ಮಹರಾಯಿತಿಯೂ ಮುಂದೆ ಬಂದಿರಲಿಲ್ಲ. ಆಗ ಯಜಮಾನ ಹೇಳಿಕಳಿಸಿದ. ಮಾಲು ವಾಪಸು ಕೊಟ್ಟಾಗಿದೆ, ಅಮ್ಮನ ಮುಂದೆ ತಪ್ಪುಕಾಣಿಕೆ ಇಟ್ಟು ತಪ್ಪಾಯಿತು ಎಂದರೆ ಮೊದಲಿನ ಹಾಗೆ ಬಂದು ಸಾರಿಸಬಹುದು. ತಪ್ಪುಕಾಣಿಕೆ ಎಂದರೆ ತಪ್ಪು ಮಾಡಿದವರು ಊರೆದುರು ಒಪ್ಪಿಕೊಂಡು ದೇವರಿಗೆ ಇಡುವ ಕಾಣಿಕೆ. ನಾನು ಆ ಹೊತ್ತಿಗೆ ಮನೆಯಲ್ಲೇ ಇದ್ದೆ. ಬಂದವನ ಮುಖಕ್ಕೆ ಹೊಡೆದಂತೆ ಹೇಳಿದೆ, ಬೇಕಿದ್ದರೆ ನಿಮ್ಮ ಯಜಮಾನನ ಹೆಂಡತಿ ಬಂದು ಬಳಿಯಲಿ ಎಂದು.

ಅವ್ವ ನನ್ನ ಕಡೆ ನೋಡಲೂ ಇಲ್ಲ. ಒಳಗೆ ಹೋಗಿ ತೆಂಗಿನಕಾಯಿ, ವೀಳ್ಯದೆಲೆ ತಟ್ಟೆಗಿಟ್ಟುಕೊಂಡು ಹೊರಟಳು. ನಾನು ಹಿಂದೆಯೇ ಓಡಿದೆ. ಇಪ್ಪತ್ತು ಮೂವತ್ತು ಜನರ ಮುಂದೆ, ಹೊಸ ಬೆಳ್ಳಿಯ ಮುಖದ ಎದುರಿಗೆ ಅವ್ವ ತಟ್ಟೆಯಿಟ್ಟು, ನೆಲಕ್ಕೆ ಹಣೆ ಮುಟ್ಟಿಸಿ, ಎಲ್ಲರಿಗೂ ಕೇಳುವಂತೆ, "ತಪ್ಪಾಯ್ತು ಕಣ್ ತಾಯಿ" ಎಂದಳು. ದೊಡ್ಡಮ್ಮ ಕಣ್ಣೊರೆಸಿಕೊಂಡಳು. ಪೂಜಾರಿ ತೀರ್ಥ ಕೊಟ್ಟ.

ಮರುದಿನ ಬೆಳಿಗ್ಗೆ ನಾನು ಎದ್ದು ಹೋಗುವಷ್ಟರಲ್ಲಿ ಅಂಗಳ ಅರ್ಧ ಸಾರಿಸಿ ಆಗಿತ್ತು. ಸೊಂಟಕ್ಕೆ ಸೆರಗು ಸಿಕ್ಕಿಸಿಕೊಂಡು, ಬಗ್ಗಿ, ಕೈಯಿಂದ ಕಮಾನು ಕಮಾನಾಗಿ ಬಳಿಯುತ್ತಾ ಹಿಂದೆ ಹಿಂದೆ ಸರಿಯುತ್ತಿದ್ದಳು. ಸುತ್ತ ಯಾರೂ ಇರಲಿಲ್ಲ. ನನಗೆ ಸಿಟ್ಟು ತಡೆಯಲಿಲ್ಲ.

"ಅಲ್ಲವ್ವಾ, ಮಾಡದ ತಪ್ಪಿಗೆ ಯಾಕೆ ತಪ್ಪಾಯ್ತು ಅಂದೆ? ನೀನು ಕದ್ದಿಲ್ಲ ಅಂತ ನಿಂಗೊತ್ತು, ನಂಗೊತ್ತು."

ಅವ್ವ ಬಗ್ಗಿದ್ದವಳು ನೆಟ್ಟಗಾದಳು. ಸಗಣಿಯ ಕೈಯನ್ನು ಮೈಗೆ ತಾಗದಂತೆ ದೂರ ಹಿಡಿದುಕೊಂಡು ನನ್ನನ್ನೇ ನೋಡಿದಳು.

"ನಿಂಗೆ ಯಾವಾಗ ಗೊತ್ತಾಯ್ತು ಮಗ?"

ಅವ್ವ ಮತ್ತೆ ಬಗ್ಗಿ ಬಕೆಟ್ಟಿಗೆ ಕೈ ಅದ್ದಿದಳು.

"ಊರೋರು ಕಳ್ಳಿ ಅಂದ್ರು ಅಂತ ನಾನೇನು ಪಟ್ಟಣುಕ್ಕೆ ಹೋಗ್ನಿಲ್ಲ ಕಣವ್ವ" ಎಂದಳು. "ಒಲೆ ಮುಂದೆ ನೀನು ಕೇಳ್ದಲ್ಲಾ, ಅದುಕ್ಕೆ ಹೋದೆ."